ಹಿಡಿಯುವ ಅಣು, ಬಿಡುವ ಅಣು: ಪರಮಾಣು ತ್ಯಾಜ್ಯದಿಂದ ಲೋಹಗಳನ್ನು ಆಯುವ ರಸಾಯನಶಾಸ್ತ್ರ

ಪರಮಾಣು ಸ್ಥಾವರದ ಗರ್ಭದಿಂದ ಹೊರಬಂದ ಇಂಧನವನ್ನು ತ್ಯಾಜ್ಯವೆಂದು ಕರೆಯುವ ರೂಢಿ ಬೇರೂರಿದೆಯಾದರೂ, ತೂಕಕ್ಕೆ ಹಾಕಿ ನೋಡಿದರೆ ಅದರ ಬಹುಪಾಲು ಇನ್ನೂ ಬಳಕೆಗೆ ಬರುವ ವಸ್ತುವೇ ಆಗಿರುತ್ತದೆ. ಸಾಧಾರಣ ನೀರನ್ನೇ ಬಳಸುವ, ಜಗತ್ತಿನಲ್ಲಿ ಹೆಚ್ಚು ಪ್ರಚಲಿತವಾಗಿರುವ ಮಾದರಿಯ ಸ್ಥಾವರದಿಂದ ತೆಗೆದ ಒಂದು ಟನ್ ಇಂಧನದಲ್ಲಿ ಸುಮಾರು 950 ಕಿಲೋಗ್ರಾಂ ಯುರೇನಿಯಂ ಹಾಗೆಯೇ ಉಳಿದಿರುತ್ತದೆ. ಸುಮಾರು 10 ಕಿಲೋಗ್ರಾಂ ಪ್ಲುಟೋನಿಯಂ ಹೊಸದಾಗಿ ಹುಟ್ಟಿಕೊಂಡಿರುತ್ತದೆ. ನ್ಯೂಕ್ಲಿಯಸ್ ಒಡೆದು ಆದ ಚೂರುಗಳು, ಅಂದರೆ ಸೀಸಿಯಂ, ಸ್ಟ್ರಾನ್ಷಿಯಂ, ಟೆಕ್ನೀಷಿಯಂ, ಲ್ಯಾಂಥನೈಡ್ ಬಳಗದ ಲೋಹಗಳು ಮೊದಲಾದ ವಿದಳನೋತ್ಪನ್ನಗಳು, 30ರಿಂದ 40 ಕಿಲೋಗ್ರಾಂನಷ್ಟಿರುತ್ತವೆ. ಇವೆಲ್ಲದರ ನಡುವೆ ಒಂದು ಕಿಲೋಗ್ರಾಮಿನ ಆಸುಪಾಸಿನಲ್ಲಿ ನೆಪ್ಚೂನಿಯಂ, ಅಮೆರಿಸಿಯಂ ಮತ್ತು ಕ್ಯೂರಿಯಂ ಎಂಬ ಮೂರು ಧಾತುಗಳು ಚದುರಿಕೊಂಡಿರುತ್ತವೆ. ಯುರೇನಿಯಂ, ಪ್ಲುಟೋನಿಯಂಗಳನ್ನು ಹಿರಿಯರೆಂದು ಎಣಿಸಿ ಇವುಗಳನ್ನು ಕಿರಿಯ ಆಕ್ಟಿನೈಡ್‌ಗಳೆಂದು ಕರೆಯುವುದುಂಟು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿರುವ ಕೈಗಾದಂತಹ ಭಾರಜಲ ಸ್ಥಾವರಗಳು ನೈಸರ್ಗಿಕ ಯುರೇನಿಯಂ ಅನ್ನು ಟನ್ನಿಗೆ ಸುಮಾರು 7,000 ಮೆಗಾವ್ಯಾಟ್-ದಿನಗಳಷ್ಟು ಮಾತ್ರ ಉರಿಸಿ ಹೊರತೆಗೆಯುವುದರಿಂದ ಅಲ್ಲಿನ ಇಂಧನದಲ್ಲಿ ವಿದಳನೋತ್ಪನ್ನಗಳು ಟನ್ನಿಗೆ ಏಳು ಕಿಲೋಗ್ರಾಮಿನ ಸುತ್ತಮುತ್ತ ಇರುತ್ತವೆ. ಪ್ರಮಾಣ ಬೇರೆಯಾದರೂ ಬೆರಕೆಯ ಸ್ವರೂಪ ಒಂದೇ ಆಗಿದೆ.

ಟನ್ನಿಗೊಂದು ಕಿಲೋಗ್ರಾಮಿನ ಈ ಅಲ್ಪಸಂಖ್ಯಾತರಿಗೆ ಇಷ್ಟು ಮಹತ್ವ ಬರಲು ಅವುಗಳ ಆಯುಷ್ಯವೇ ಕಾರಣ. ಸೀಸಿಯಂ-137 ಸುಮಾರು 30 ವರ್ಷಕ್ಕೆ ಅರ್ಧವಾಗುತ್ತದೆ, ಸ್ಟ್ರಾನ್ಷಿಯಂ-90 ಸುಮಾರು 29 ವರ್ಷಕ್ಕೆ. ಮೂರು ಶತಮಾನ ಕಾದರೆ ಇವೆರಡೂ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತವೆ. ಅಮೆರಿಸಿಯಂ-241ರ ಅರ್ಧಾಯು 432 ವರ್ಷ, ಅಮೆರಿಸಿಯಂ-243ರದ್ದು ಏಳು ಸಾವಿರ ವರ್ಷಕ್ಕೂ ಮಿಕ್ಕಿದ್ದು, ನೆಪ್ಚೂನಿಯಂ-237ರದ್ದು 21 ಲಕ್ಷ ವರ್ಷ. ಬಳಸಿದ ಇಂಧನವನ್ನು ಇದ್ದಂತೆಯೇ ಇಟ್ಟರೆ ಅದರ ವಿಕಿರಣದ ವಿಷತ್ವ ಮೂಲ ಅದಿರಿನ ಮಟ್ಟಕ್ಕೆ ಇಳಿಯಲು ಲಕ್ಷ ವರ್ಷಗಳನ್ನೂ ಮೀರಿದ ಕಾಲ ಬೇಕೆಂದೂ, ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ತೆಗೆದರೆ ಆ ಅವಧಿ ಹತ್ತು ಸಾವಿರ ವರ್ಷಗಳ ಆಸುಪಾಸಿಗೆ ಬರುವುದೆಂದೂ, ಕಿರಿಯ ಆಕ್ಟಿನೈಡ್‌ಗಳನ್ನೂ ತೆಗೆದರೆ ಕೆಲವು ನೂರು ವರ್ಷಗಳಿಗೆ ಕುಗ್ಗುವುದೆಂದೂ ಸಾಮಾನ್ಯವಾಗಿ ಲೆಕ್ಕ ಹೇಳಲಾಗುತ್ತದೆ. ಈ ಲೆಕ್ಕ ತ್ಯಾಜ್ಯವನ್ನು ಯಾರೋ ನುಂಗಿದರೆ ಆಗುವ ಹಾನಿಯ ಅಳತೆಯೇ ಹೊರತು ನೆಲದಾಳದಿಂದ ಅಂತರ್ಜಲಕ್ಕೆ ಏನು ಹರಿದುಬರುತ್ತದೆ ಎಂಬುದರ ಅಳತೆಯಲ್ಲ. ಹರಿದುಬರುವ ವಿಷಯಕ್ಕೆ ಬಂದರೆ ಟೆಕ್ನೀಷಿಯಂ-99 ಮತ್ತು ಅಯೋಡಿನ್-129 ಅಮೆರಿಸಿಯಂಗಿಂತ ಹೆಚ್ಚು ಚುರುಕಾದವು. ಆದ್ದರಿಂದ ಕಿರಿಯ ಆಕ್ಟಿನೈಡ್‌ಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ಭೂಗರ್ಭದ ಭಂಡಾರವೇ ಬೇಡವಾಗುತ್ತದೆ ಎಂಬ ಮಾತನ್ನು ಒಪ್ಪುವುದು ಕಷ್ಟ. ಭಂಡಾರದ ಶಾಖದ ಹೊರೆ ಮತ್ತು ಕಾವಲಿನ ಅವಧಿ ತಗ್ಗುತ್ತವೆ ಎಂಬುದು ಮಾತ್ರ ನಿಜ, ಮತ್ತು ಅದು ಸಣ್ಣ ಲಾಭವೇನೂ ಅಲ್ಲ.

ಬೇರ್ಪಡಿಸುವ ಕೆಲಸಕ್ಕೆ ರಸಾಯನವಿಜ್ಞಾನಿ ಬಳಸುವ ಸಾಧನಕ್ಕೆ ಲಿಗ್ಯಾಂಡ್ ಎಂದು ಹೆಸರು. ಕಟ್ಟು, ಬಿಗಿ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದ, ತನ್ನಲ್ಲಿರುವ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಲೋಹದ ಅಯಾನಿನತ್ತ ಚಾಚಿ ಅದಕ್ಕೆ ಅಂಟಿಕೊಳ್ಳಬಲ್ಲ ಅಣು ಅಥವಾ ಅಯಾನನ್ನು ಸೂಚಿಸುತ್ತದೆ. ಎಲೆಕ್ಟ್ರಾನ್ ಚಾಚುವ ಪರಮಾಣುವಿಗೆ ದಾನಿ ಪರಮಾಣು ಎನ್ನುತ್ತಾರೆ, ಮತ್ತು ಅದು ಬಹುಮಟ್ಟಿಗೆ ಆಮ್ಲಜನಕ, ಸಾರಜನಕ ಅಥವಾ ಗಂಧಕವಾಗಿರುತ್ತದೆ. ಒಂದೇ ಅಣು ಎರಡು ಮೂರು ಕಡೆಯಿಂದ ಲೋಹವನ್ನು ಕಚ್ಚಿ ಹಿಡಿದರೆ ಅದಕ್ಕೆ ಕೀಲೇಟ್ ಎಂಬ ಹೆಸರು ಸಲ್ಲುತ್ತದೆ. ಗ್ರೀಕಿನಲ್ಲಿ ಅದು ಏಡಿಯ ಕೊಂಬಿಗೆ ಇರುವ ಹೆಸರು. ಏಡಿಯ ಹೋಲಿಕೆ ಹಿಡಿತದ ಬಿಗಿಯನ್ನು ಚೆನ್ನಾಗಿ ಹೇಳುತ್ತದೆಯಾದರೂ ಈ ಉಪನ್ಯಾಸದ ವಿಷಯಕ್ಕೆ ಅದು ಅರ್ಧ ಮಾತ್ರ ಹೊಂದುತ್ತದೆ, ಏಕೆಂದರೆ ಏಡಿ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ ಮತ್ತು ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ತ್ಯಾಜ್ಯದ ಕಡಾಯಿಯಲ್ಲಿ ಕೆಲಸ ಮಾಡಬೇಕಾದ ಲಿಗ್ಯಾಂಡ್‌ಗೆ ಬೇಡದ್ದನ್ನು ಮುಟ್ಟದಿರುವ ಗುಣವೂ, ಹಿಡಿದದ್ದನ್ನು ಸೂಚನೆ ಸಿಕ್ಕಾಗ ಒಪ್ಪಿಸಿಬಿಡುವ ಗುಣವೂ ಹಿಡಿತದ ಬಲಕ್ಕಿಂತ ಮುಖ್ಯವಾಗುತ್ತವೆ.

ಇದನ್ನು ಮೊದಲು ಮನಗಾಣಿಸಿದ್ದು ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ಸಾಧಾರಣ ದ್ರವ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪ್ಯೂರೆಕ್ಸ್ ವಿಧಾನದಲ್ಲಿ ಬಳಸಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯ ಜಾತಿಯ ಎಣ್ಣೆಯಲ್ಲಿ ಶೇಕಡಾ 30ರಷ್ಟು ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿದ ದ್ರವದೊಡನೆ ಅದನ್ನು ಕಲಕಲಾಗುತ್ತದೆ. ನಾಲ್ಕು ಧನಾವೇಶದ ಪ್ಲುಟೋನಿಯಂ ಮತ್ತು ಆಮ್ಲಜನಕವನ್ನು ಹೊತ್ತ ಆರು ವೇಲೆನ್ಸಿಯ ಯುರೇನಿಯಂ ಫಾಸ್ಫೇಟಿನ ಆಮ್ಲಜನಕಕ್ಕೆ ಅಂಟಿ ಎಣ್ಣೆಗೆ ದಾಟುತ್ತವೆ, ಒಂದು, ಎರಡು, ಮೂರು ಆವೇಶದ ಉಳಿದ ಲೋಹಗಳೆಲ್ಲ ಆಮ್ಲದಲ್ಲಿಯೇ ನಿಲ್ಲುತ್ತವೆ. ಅನಂತರ ಪ್ಲುಟೋನಿಯಂಗೆ ಒಂದು ಎಲೆಕ್ಟ್ರಾನ್ ಕೊಟ್ಟು ಅದನ್ನು ಮೂರು ಆವೇಶಕ್ಕೆ ಇಳಿಸಿದ ಕೂಡಲೇ ಲಿಗ್ಯಾಂಡ್ ಅದನ್ನು ಕೈಬಿಡುತ್ತದೆ, ಯುರೇನಿಯಂ ಮಾತ್ರ ಎಣ್ಣೆಯಲ್ಲಿ ಉಳಿಯುತ್ತದೆ. ಹಿಡಿಯಲು ಒಂದು ಸ್ಥಿತಿ, ಬಿಡಲು ಇನ್ನೊಂದು ಸ್ಥಿತಿ ಎಂಬ ಈ ಏರ್ಪಾಡು ಎಷ್ಟು ಸರಳವೋ ಅಷ್ಟೇ ಗಟ್ಟಿಯಾದದ್ದು. 1964ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ಭಾರತದ ಮೊದಲ ಪುನಃಸಂಸ್ಕರಣ ಸ್ಥಾವರದಿಂದ ಹಿಡಿದು ಫ್ರಾನ್ಸಿನ ಲಾ ಹಾಗ್‌ವರೆಗೆ ಇಂದಿಗೂ ಇದೇ ಆಧಾರ. ಇಲ್ಲಿ ಆಯ್ಕೆಗೆ ಆವೇಶದ ಅಂತರವೇ ಸಾಕಾಯಿತು, ಲಿಗ್ಯಾಂಡ್ ವಿಶೇಷ ಜಾಣತನ ತೋರಬೇಕಾಗಿ ಬರಲಿಲ್ಲ.

ಸೀಸಿಯಂ ವಿಷಯದಲ್ಲಿ ಆವೇಶ ನೆರವಿಗೆ ಬರುವುದಿಲ್ಲ. ಅಮೆರಿಕದ ಸವಾನಾ ರಿವರ್ ಕೇಂದ್ರದ ಭೂಗತ ಟ್ಯಾಂಕುಗಳಲ್ಲಿ ಶಸ್ತ್ರಾಸ್ತ್ರ ಕಾಲದ ತ್ಯಾಜ್ಯವನ್ನು ಉಕ್ಕು ಸವೆಯದಿರಲೆಂದು ಕ್ಷಾರ ಸುರಿದು ಇರಿಸಲಾಗಿದ್ದು, ಅದರ ದ್ರವಭಾಗದಲ್ಲಿ ಸೀಸಿಯಂನ ಒಂದು ಅಯಾನಿಗೆ ಸೋಡಿಯಂನ ಹತ್ತಾರು ಸಾವಿರ ಅಯಾನುಗಳಿವೆ. ಎರಡಕ್ಕೂ ಆವೇಶ ಒಂದೇ, ಎರಡೂ ಒಂದೇ ಕುಟುಂಬದವು. ವ್ಯತ್ಯಾಸವಿರುವುದು ಗಾತ್ರದಲ್ಲಿ: ಸೋಡಿಯಂ ಅಯಾನಿನ ತ್ರಿಜ್ಯ 102 ಪಿಕೋಮೀಟರ್ ಇದ್ದರೆ ಸೀಸಿಯಂನದು 167. ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗವಾದರೂ ಅಣುಗಳ ಲೋಕದಲ್ಲಿ ಅರವತ್ತೈದು ಪಿಕೋಮೀಟರ್ ದೊಡ್ಡ ಅಂತರವೇ. ಡ್ಯೂಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ಪ್ರಕಟಿಸಿದ ಕಿರೀಟ ಈಥರ್‌ಗಳು, ಅಂದರೆ ಆಮ್ಲಜನಕ ಪರಮಾಣುಗಳನ್ನು ಒಳಮುಖವಾಗಿ ಇರಿಸಿಕೊಂಡ ಉಂಗುರದಂತಹ ಅಣುಗಳು, ತಮ್ಮ ತೂತಿನ ಅಳತೆಗೆ ಹೊಂದುವ ಕ್ಷಾರಲೋಹವನ್ನು ಹೆಚ್ಚು ಇಷ್ಟಪಡುತ್ತವೆ ಎಂಬುದು ಇದಕ್ಕೆ ಹೊಸ ದಾರಿ ತೆರೆದಿತ್ತು. ಅದೇ ದಾರಿಯಲ್ಲಿ ನಡೆದ ಡೊನಾಲ್ಡ್ ಕ್ರಾಮ್ ಮತ್ತು ಜ್ಯಾನ್-ಮರಿ ಲೆನ್ ಅವರೊಡನೆ ಪೆಡರ್ಸನ್‌ಗೆ 1987ರ ನೊಬೆಲ್ ಪಾರಿತೋಷಕ ಸಂದಿತು. ಕ್ರಾಮ್ ಒತ್ತಿ ಹೇಳಿದ ಒಂದು ತತ್ತ್ವ ಇಡೀ ಕ್ಷೇತ್ರದ ಬೆನ್ನೆಲುಬಾಗಿದೆ: ಲೋಹ ಬಂದ ಮೇಲೆ ಮೈ ಮಡಚಿ ಸಿದ್ಧವಾಗುವ ಅಣುವಿಗಿಂತ, ಲೋಹ ಬರುವ ಮೊದಲೇ ಸರಿಯಾದ ಆಕಾರದಲ್ಲಿ ಕಾದು ಕುಳಿತ ಅಣು ಹೆಚ್ಚು ಬಿಗಿಯಾಗಿಯೂ ಹೆಚ್ಚು ಆಯ್ದೂ ಹಿಡಿಯುತ್ತದೆ. ಇದಕ್ಕೆ ಪೂರ್ವಸಿದ್ಧತೆಯೆಂಬ ಹೆಸರು ಒಪ್ಪುತ್ತದೆ.

ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬ್ರೂಸ್ ಮೋಯರ್ ಅವರ ತಂಡ ಬೆಳೆಸಿದ ಕ್ಯಾಲಿಕ್ಸ್-ಕಿರೀಟ ಅಣು ಈ ತತ್ತ್ವದ ಒಳ್ಳೆಯ ಉದಾಹರಣೆ. ಹೂದಾನಿಯ ಆಕಾರದಿಂದ ಹೆಸರು ಪಡೆದ ಕ್ಯಾಲಿಕ್ಸರೀನ್ ಎಂಬ ನಾಲ್ಕು ಬೆಂಜೀನ್ ಉಂಗುರಗಳ ಚೌಕಟ್ಟಿಗೆ ಆರು ಆಮ್ಲಜನಕಗಳ ಕಿರೀಟವನ್ನು ಸೇತುವೆಯಂತೆ ಹೊಲಿದಾಗ, ಸೀಸಿಯಂ ಅಯಾನು ಆ ಆಮ್ಲಜನಕಗಳ ನಡುವೆ ಕೂತು, ಅಕ್ಕಪಕ್ಕದ ಎರಡು ಬೆಂಜೀನ್ ಉಂಗುರಗಳ ಎಲೆಕ್ಟ್ರಾನ್ ಮೋಡಕ್ಕೆ ಒರಗುತ್ತದೆ; ಸೋಡಿಯಂಗೆ ಆ ಆಸನ ತೀರ ದೊಡ್ಡದಾಗಿ, ತನ್ನನ್ನು ಸುತ್ತಿದ ನೀರನ್ನು ಬಿಟ್ಟು ಬರುವ ಲಾಭ ಕಾಣದೆ ಅದು ಹೊರಗೇ ಉಳಿಯುತ್ತದೆ. ಬಿಡಿಸುವ ಉಪಾಯ ಇನ್ನೂ ಚೆನ್ನಾಗಿದೆ. ಸೀಸಿಯಂ ಎಣ್ಣೆಗೆ ದಾಟುವಾಗ ಆವೇಶದ ಲೆಕ್ಕ ಸರಿದೂಗಿಸಲು ಒಂದು ನೈಟ್ರೇಟ್ ಅಯಾನನ್ನೂ ಕರೆದೊಯ್ಯಬೇಕಾಗುತ್ತದೆ. ನೈಟ್ರೇಟ್ ಧಾರಾಳವಾಗಿರುವ ತ್ಯಾಜ್ಯದಲ್ಲಿ ಇದು ಸುಲಭ, ಆದರೆ ಅದೇ ಎಣ್ಣೆಯನ್ನು ಅತಿ ದುರ್ಬಲ ನೈಟ್ರಿಕ್ ಆಮ್ಲದೊಡನೆ ಕಲಕಿದರೆ ಜೊತೆಗಾರ ಸಿಗದ ಸೀಸಿಯಂ ತಾನಾಗಿ ನೀರಿಗೆ ಮರಳುತ್ತದೆ. ಈ ಪ್ರಕ್ರಿಯೆಯ ಮೊದಲ ಘಟಕ 2008ರಲ್ಲಿ ಸವಾನಾ ರಿವರ್‌ನಲ್ಲಿ ಕೆಲಸ ಆರಂಭಿಸಿತು, ದೊಡ್ಡ ಸ್ಥಾವರ 2020ರ ಅಕ್ಟೋಬರಿನಲ್ಲಿ. ಇದೇ ಕುಲದ ಇನ್ನೊಂದು ಅಣುವಿನಿಂದ ಭಾಭಾ ಪರಮಾಣು ಸಂಶೋಧನ ಕೇಂದ್ರವು ಟ್ರಾಂಬೆಯ ತ್ಯಾಜ್ಯದಿಂದ ಸೀಸಿಯಂ ತೆಗೆದು, ಅದನ್ನು ಗಾಜಿನ ಪೆನ್ಸಿಲ್‌ಗಳಾಗಿ ಎರಕ ಹೊಯ್ದು, ಆಸ್ಪತ್ರೆಗಳಲ್ಲಿ ರಕ್ತಕ್ಕೆ ವಿಕಿರಣ ಹಾಯಿಸುವ ಯಂತ್ರಗಳಿಗೆ ಒದಗಿಸಿದೆ.

ಆವೇಶವೂ ಒಂದೇ, ಗಾತ್ರವೂ ಒಂದೇ ಆದಾಗ ಏನು ಮಾಡಬೇಕೆಂಬುದೇ ಈ ಶಾಸ್ತ್ರದ ನಿಜವಾದ ಗಂಟು, ಮತ್ತು ಆ ಗಂಟು ಅಮೆರಿಸಿಯಂ. ದ್ರಾವಣದಲ್ಲಿ ಅದು ಮೂರು ಧನಾವೇಶದ ಸ್ಥಿತಿಗೆ ಹಠ ಹಿಡಿದು ಅಂಟಿಕೊಂಡಿರುವುದರಿಂದ ಪ್ಲುಟೋನಿಯಂಗೆ ಹೂಡಿದ ತಂತ್ರ ಅದಕ್ಕೆ ನಾಟುವುದಿಲ್ಲ. ಅದನ್ನು ಆರರ ಸ್ಥಿತಿಗೆ ಏರಿಸುವ ಪ್ರಯೋಗಗಳು ನಡೆದಿವೆಯಾದರೂ ಏರಿದ್ದು ಕ್ಷಿಪ್ರವಾಗಿ ಇಳಿಯಲು ತವಕಿಸುತ್ತದೆ. ಅದರ ಜೊತೆಯಲ್ಲೇ ಇರುವ ಲ್ಯಾಂಥನೈಡ್‌ಗಳು, ಅಂದರೆ ಲ್ಯಾಂಥನಂ, ಸೀರಿಯಂ, ನಿಯೋಡಿಮಿಯಂ, ಸಮೇರಿಯಂ, ಯುರೋಪಿಯಂ, ಗ್ಯಾಡೋಲಿನಿಯಂ ಮುಂತಾದವು, ಕಿರಿಯ ಆಕ್ಟಿನೈಡ್‌ಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ತೂಗುತ್ತವೆ ಮತ್ತು ಅವೂ ಮೂರು ಆವೇಶದವೇ. ಅಮೆರಿಸಿಯಂ ಅನ್ನು ವೇಗದ ನ್ಯೂಟ್ರಾನ್‌ಗಳ ಸ್ಥಾವರದಲ್ಲಿ ಒಡೆದು ಅಲ್ಪಾಯುಗಳನ್ನಾಗಿ ಮಾಡಬೇಕೆಂದರೆ ಲ್ಯಾಂಥನೈಡ್‌ಗಳನ್ನು ಮೊದಲು ಹೊರಹಾಕಲೇಬೇಕು. ಅವುಗಳಲ್ಲಿ ಹಲವು ನ್ಯೂಟ್ರಾನ್‌ಗಳನ್ನು ತಾವೇ ನುಂಗಿಬಿಡುತ್ತವೆ.

ಈ ಸಾಮ್ಯ ಎಷ್ಟು ಆಳವಾದದ್ದೆಂಬುದು ಹೆಸರಿನಲ್ಲಿಯೇ ಅಚ್ಚಾಗಿದೆ. 1944ರಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು 95 ಮತ್ತು 96ನೆಯ ಧಾತುಗಳನ್ನು ಕಂಡುಹಿಡಿದಾಗ, ಆವರ್ತ ಕೋಷ್ಟಕದಲ್ಲಿ ಯುರೋಪಿಯಂನ ಕೆಳಗೆ ಬರುವ ಧಾತುವಿಗೆ ಇನ್ನೊಂದು ಭೂಖಂಡದ ಹೆಸರಿರಲೆಂದು ಅಮೆರಿಸಿಯಂ ಎಂದೂ, ರಸಾಯನಜ್ಞ ಗ್ಯಾಡೊಲಿನ್ ಅವರ ಹೆಸರಿನ ಗ್ಯಾಡೋಲಿನಿಯಂನ ಕೆಳಗೆ ಬರುವುದಕ್ಕೆ ಕ್ಯೂರಿ ದಂಪತಿಗಳ ನೆನಪಿನಲ್ಲಿ ಕ್ಯೂರಿಯಂ ಎಂದೂ ಕರೆದರು. ಅದಕ್ಕೂ ಮುನ್ನ, ಇವೆರಡನ್ನು ಪರಸ್ಪರವೂ ಲ್ಯಾಂಥನೈಡ್‌ಗಳಿಂದಲೂ ಬಿಡಿಸಲಾಗದೆ ಬೇಸತ್ತ ತಂಡದಲ್ಲಿ ಒಂದಕ್ಕೆ ಕೋಲಾಹಲವೆಂದೂ ಇನ್ನೊಂದಕ್ಕೆ ಸನ್ನಿಯೆಂದೂ ಅರ್ಥ ಬರುವ ಅಡ್ಡಹೆಸರುಗಳು ಚಾಲ್ತಿಯಲ್ಲಿದ್ದವು. ಈ ಧಾತುಗಳ ಸುದ್ದಿ ಜಗತ್ತಿಗೆ ಮೊದಲು ತಿಳಿದದ್ದು ಯಾವ ವಿದ್ವತ್ಸಭೆಯಲ್ಲೂ ಅಲ್ಲ, 1945ರ ನವೆಂಬರಿನಲ್ಲಿ ಮಕ್ಕಳ ರೇಡಿಯೋ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ, ಹುಡುಗನೊಬ್ಬ ಹೊಸ ಧಾತುಗಳು ಸಿಕ್ಕಿವೆಯೇ ಎಂದು ಸೀಬೋರ್ಗ್ ಅವರನ್ನೇ ಕೇಳಿದಾಗ.

ಮೂರು ಆವೇಶದ ಅಮೆರಿಸಿಯಂನ ತ್ರಿಜ್ಯ 97.5 ಪಿಕೋಮೀಟರ್, ಯುರೋಪಿಯಂನದು 94.7, ನಿಯೋಡಿಮಿಯಂನದು 98.3. ಸೀಸಿಯಂ ಮತ್ತು ಸೋಡಿಯಂಗಳ ನಡುವೆ ಇದ್ದ ಅರವತ್ತೈದರ ಅಂತರ ಇಲ್ಲಿ, ಅಮೆರಿಸಿಯಂ ಮತ್ತು ನಿಯೋಡಿಮಿಯಂಗಳ ನಡುವೆ, ಒಂದಕ್ಕೂ ಕಡಿಮೆಯಾಗಿದೆ. ಅಕ್ಕಪಕ್ಕದ ಎರಡು ಲ್ಯಾಂಥನೈಡ್‌ಗಳ ನಡುವೆ ಬಂದು ಅಮೆರಿಸಿಯಂ ಅವುಗಳಲ್ಲೊಂದರಂತೆಯೇ ಕುಳಿತಿದೆ. ರಾಗಿಯ ಜೊತೆ ರಾಗಿಯಷ್ಟೇ ದಪ್ಪದ, ರಾಗಿಯದೇ ಬಣ್ಣದ ಕಲ್ಲು ಬೆರೆತಾಗ ಜರಡಿಯೂ ಸೋಲುತ್ತದೆ, ಕಣ್ಣೂ ಸೋಲುತ್ತದೆ. ಆಗ ನೀರಿನಲ್ಲಿ ಗಾಲಿಸಿ, ಜರಡಿಗೆ ಕಾಣದ ತೂಕದ ವ್ಯತ್ಯಾಸವನ್ನು ಹುಡುಕಬೇಕಾಗುತ್ತದೆ. ಅಮೆರಿಸಿಯಂನಲ್ಲಿಯೂ ಹೊರಗೆ ಕಾಣದ ಒಂದು ವ್ಯತ್ಯಾಸವಿದೆ. ಲ್ಯಾಂಥನೈಡ್‌ಗಳಲ್ಲಿ 4ಎಫ್ ಎಂಬ ಕಕ್ಷಕಗಳ ಎಲೆಕ್ಟ್ರಾನ್‌ಗಳು ಪರಮಾಣುವಿನ ಒಳಮನೆಯಲ್ಲಿ ಹುದುಗಿದ್ದು ಹೊರಗಿನವರೊಡನೆ ವ್ಯವಹರಿಸುವುದಿಲ್ಲ. ಆಕ್ಟಿನೈಡ್‌ಗಳ 5ಎಫ್ ಕಕ್ಷಕಗಳು ತುಸು ಹೊರಚಾಚಿರುವುದರಿಂದ ಲಿಗ್ಯಾಂಡ್‌ನ ಎಲೆಕ್ಟ್ರಾನ್‌ಗಳೊಡನೆ ಅಷ್ಟಿಷ್ಟು ಹಂಚಿಕೊಳ್ಳುವ, ಅಂದರೆ ಸಹವೇಲೆನ್ಸಿಯ ಬಂಧ ಬೆಳೆಸುವ ಅವಕಾಶ ಅವಕ್ಕೆ ಇದೆ. 1950ರಲ್ಲಿ ಸ್ಟ್ರೀಟ್ ಮತ್ತು ಸೀಬೋರ್ಗ್ ಅಯಾನು ವಿನಿಮಯದ ರಾಳದ ಮೇಲಿಂದ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಹರಿಸಿದಾಗ ಅಮೆರಿಸಿಯಂ ಲ್ಯಾಂಥನೈಡ್‌ಗಳಿಗಿಂತ ಮೊದಲೇ ಇಳಿದು ಬಂದದ್ದು, ಕ್ಲೋರೈಡ್ ಅಯಾನಿನ ಮೇಲೆ ಅದಕ್ಕೆ ಹೆಚ್ಚಿನ ಒಲವಿದೆಯೆಂಬುದರ ಮೊದಲ ಸುಳಿವಾಯಿತು. 1963ರಲ್ಲಿ ರಾಲ್ಫ್ ಪಿಯರ್ಸನ್ ಗಡಸು ಮತ್ತು ಮೆದು ಎಂಬ ವಿಂಗಡಣೆಯನ್ನು ಮಂಡಿಸಿದಾಗ, ಆ ಒಲವನ್ನು ಹೇಳಲು ಭಾಷೆಯೂ ಸಿಕ್ಕಿತು: ಆಮ್ಲಜನಕ ಗಡಸು ದಾನಿ, ಅದು ಎರಡೂ ಬಳಗಗಳನ್ನು ಸಮನಾಗಿ ಕಾಣುತ್ತದೆ, ಸಾರಜನಕ ಮತ್ತು ಗಂಧಕ ಮೆದು ದಾನಿಗಳು, ಅವುಗಳ ಬಳಿ ಆಕ್ಟಿನೈಡ್ ಕೂದಲೆಳೆಯಷ್ಟು ಹೆಚ್ಚು ಒಲಿಯುತ್ತದೆ.

ಆ ಕೂದಲೆಳೆಯ ಅಳತೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನೀರಿನಲ್ಲಿ ಅಮೆರಿಸಿಯಂ ಅಯಾನನ್ನು ಸುಮಾರು ಒಂಬತ್ತು ನೀರಿನ ಅಣುಗಳು ಸುತ್ತುವರಿದಿರುತ್ತವೆ, ಮತ್ತು ನೀರಿನಿಂದ ಅದನ್ನು ಪೂರ್ತಿ ಕಿತ್ತು ತೆಗೆಯಲು ಪ್ರತಿ ಮೋಲ್‌ಗೆ 3,000 ಕಿಲೋಜೌಲ್‌ಗಳಿಗೂ ಮಿಕ್ಕ ಶಕ್ತಿ ಬೇಕು. ಯುರೋಪಿಯಂಗೂ ಹೆಚ್ಚುಕಡಿಮೆ ಅಷ್ಟೇ. ಎಣ್ಣೆ ಮತ್ತು ನೀರಿನ ನಡುವೆ ಒಂದು ಲೋಹ ಹಂಚಿಕೆಯಾಗುವ ಪ್ರಮಾಣವನ್ನು ಇನ್ನೊಂದರ ಪ್ರಮಾಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬೇರ್ಪಡೆಯ ಗುಣಾಂಕ ಎಂದು ಹೆಸರು, ಮತ್ತು ಅದು ನೂರು ಆದರೆ ಉದ್ಯಮ ಸಂತೋಷಪಡುತ್ತದೆ. ಕೋಣೆಯ ಉಷ್ಣತೆಯಲ್ಲಿ ನೂರರ ಗುಣಾಂಕಕ್ಕೆ ಬೇಕಾದ ಶಕ್ತಿಯ ಅಂತರ ಮೋಲ್‌ಗೆ 11.4 ಕಿಲೋಜೌಲ್, ಅಂದರೆ ನೀರಿನ ಎರಡು ಅಣುಗಳನ್ನು ಜೋಡಿಸುವ ದುರ್ಬಲ ಹೈಡ್ರೋಜನ್ ಬಂಧದ ಅರ್ಧದಷ್ಟು. ತಲಾ ಮೂರು ಸಾವಿರ ದಾಟುವ ಎರಡು ದೊಡ್ಡ ಮೊತ್ತಗಳ ನಡುವೆ ಹನ್ನೊಂದರ ವ್ಯತ್ಯಾಸವನ್ನು ಹುಟ್ಟಿಸುವುದೇ ಲಿಗ್ಯಾಂಡ್ ವಿನ್ಯಾಸಕಾರನ ಉದ್ಯೋಗ. ಗಣಕದಲ್ಲಿ ಅಣುಗಳನ್ನು ಲೆಕ್ಕ ಹಾಕಿ ಒಳ್ಳೆಯ ಲಿಗ್ಯಾಂಡ್‌ಗಳನ್ನು ಮೊದಲೇ ಆರಿಸಿಬಿಡಬಹುದು ಎಂಬ ಉತ್ಸಾಹದ ಮಾತು ಆಗಾಗ ಕೇಳಿಬರುತ್ತದೆ. ಇಂತಹ ಭಾರಧಾತುಗಳ ಲೆಕ್ಕಾಚಾರದಲ್ಲಿ ಬರುವ ದೋಷವೇ ಬಹಳಷ್ಟು ಸಲ ಆ ಹನ್ನೊಂದರಷ್ಟಿರುವುದರಿಂದ, ಪ್ರಯೋಗಶಾಲೆಯ ಗಾಜಿನ ಬುರುಡೆ ಇನ್ನೂ ಕೆಲವು ಕಾಲ ನಿವೃತ್ತವಾಗುವಂತೆ ಕಾಣುವುದಿಲ್ಲ.

ಗಂಧಕ ಅತ್ಯಂತ ಮೆದುವಾದ ದಾನಿಯಾದ್ದರಿಂದ ಮೊದಲ ದೊಡ್ಡ ಸಂಖ್ಯೆ ಅಲ್ಲಿಂದಲೇ ಬಂತು. 1990ರ ದಶಕದ ಮಧ್ಯದಲ್ಲಿ ಚೀನಾದ ಚಿಂಗ್‌ಹ್ವಾ ವಿಶ್ವವಿದ್ಯಾಲಯದ ಝು ಯೊಂಗ್‌ಜುನ್ ಅವರು ಸಯಾನೆಕ್ಸ್ 301 ಎಂಬ ಮಾರುಕಟ್ಟೆಯ ಸರಕನ್ನು ಶುದ್ಧೀಕರಿಸಿ ಬಳಸಿದಾಗ, ಎರಡು ಗಂಧಕಗಳಿಂದ ಹಿಡಿಯುವ ಆ ಡೈಥಯೋಫಾಸ್ಫಿನಿಕ್ ಆಮ್ಲದಲ್ಲಿ ಅಮೆರಿಸಿಯಂ ಮತ್ತು ಯುರೋಪಿಯಂಗಳ ಬೇರ್ಪಡೆಯ ಗುಣಾಂಕ ಐದು ಸಾವಿರವನ್ನು ದಾಟಿತು. ಆದರೆ ಅಣು ಕೆಲಸ ಮಾಡುವುದು ಆಮ್ಲೀಯತೆ ಬಹಳ ಕಡಿಮೆಯಿದ್ದಾಗ ಮಾತ್ರ, ತ್ಯಾಜ್ಯವೋ ಮೂರು ಮೋಲಾರ್‌ನಷ್ಟು ನೈಟ್ರಿಕ್ ಆಮ್ಲ; ಮೇಲಾಗಿ ಗಂಧಕ ಮತ್ತು ರಂಜಕಗಳಿರುವ ದ್ರವ ಹಳತಾದಾಗ ಅದನ್ನು ಸುಟ್ಟರೆ ಬೂದಿಯೂ ಆಮ್ಲವೂ ಉಳಿದು, ತ್ಯಾಜ್ಯ ಕಡಿಮೆ ಮಾಡಲು ಹೊರಟವರು ಇನ್ನೊಂದು ತ್ಯಾಜ್ಯವನ್ನು ಹೊತ್ತು ನಿಲ್ಲಬೇಕಾಗುತ್ತದೆ. ಇದರಿಂದ ಯುರೋಪಿನ ಸಂಶೋಧಕರು ಇಂಗಾಲ, ಜಲಜನಕ, ಆಮ್ಲಜನಕ ಮತ್ತು ಸಾರಜನಕ ಈ ನಾಲ್ಕರಿಂದ ಮಾತ್ರ ಲಿಗ್ಯಾಂಡ್ ಕಟ್ಟಬೇಕೆಂಬ ವ್ರತ ತೊಟ್ಟರು. ಸುಟ್ಟರೆ ಅನಿಲವಾಗಿ ಹೋಗಬೇಕು, ಏನೂ ಉಳಿಯಬಾರದು.

ವ್ರತಕ್ಕೆ ಸಾರಜನಕವೇ ಗತಿಯಾಯಿತು, ಆದರೆ ಸಾರಜನಕಕ್ಕೆ ಒಂದು ದೌರ್ಬಲ್ಯವಿದೆ: ಲೋಹಕ್ಕೆ ಎಲೆಕ್ಟ್ರಾನ್ ಚಾಚುವ ಅದೇ ಜೋಡಿಯನ್ನು ಆಮ್ಲದ ಪ್ರೋಟಾನ್‌ಗೂ ಅದು ಸಂತೋಷದಿಂದ ಕೊಟ್ಟುಬಿಡುತ್ತದೆ, ಹೀಗಾಗಿ ಪ್ರಬಲ ಆಮ್ಲದಲ್ಲಿ ಲೋಹದ ಪಾಲಿಗೆ ಏನೂ ಉಳಿಯುವುದಿಲ್ಲ. ಮೂರು ಪಿರಿಡೀನ್ ಉಂಗುರಗಳ ಟರ್‌ಪಿರಿಡೀನ್ ಈ ಕಾರಣಕ್ಕೇ ಹಿಂದೆ ಬಿತ್ತು. 1999ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಎಯಲ್ಲಿ ಝ್ಡೆನೆಕ್ ಕೊಲಾರಿಕ್ ಮತ್ತು ಸಹೋದ್ಯೋಗಿಗಳು, ನಡುವೆ ಒಂದು ಪಿರಿಡೀನ್ ಮತ್ತು ಎರಡೂ ಬದಿಗೆ ಮೂರು ಸಾರಜನಕಗಳ ಟ್ರಯಜೀನ್ ಉಂಗುರಗಳಿರುವ ಬಿಟಿಪಿ ಎಂಬ ಅಣುವನ್ನು ಪ್ರಕಟಿಸಿದರು. ಟ್ರಯಜೀನ್‌ನಲ್ಲಿ ದಾನಿ ಸಾರಜನಕದ ಪಕ್ಕದಲ್ಲೇ ಇನ್ನೊಂದು ಸಾರಜನಕವಿದ್ದು ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುವುದರಿಂದ ಪ್ರೋಟಾನ್‌ಗೆ ಅದು ಅಷ್ಟು ರುಚಿಸುವುದಿಲ್ಲ, ಲೋಹಕ್ಕೆ ಮಾತ್ರ ಸಾಕಷ್ಟು ರುಚಿಸುತ್ತದೆ. ಇಂತಹ ಮೂರು ಅಣುಗಳು, ತಲಾ ಮೂರು ಸಾರಜನಕಗಳಿಂದ, ಅಮೆರಿಸಿಯಂ ಸುತ್ತ ಒಂಬತ್ತು ಸ್ಥಾನಗಳನ್ನೂ ತುಂಬುತ್ತವೆ. ಒಂಬತ್ತು ನೀರಿನ ಅಣುಗಳು ಹೋದ ಜಾಗಕ್ಕೆ ಒಂಬತ್ತು ಸಾರಜನಕಗಳು ಬಂದು ಕೂರುವ ಈ ಅಚ್ಚುಕಟ್ಟು ಕಣ್ಣಿಗೆ ಹಬ್ಬ. ಒಂದು ಮೋಲಾರ್ ನೈಟ್ರಿಕ್ ಆಮ್ಲದಲ್ಲಿಯೇ ಗುಣಾಂಕ ನೂರನ್ನು ಮೀರಿತು. ಇದರ ಕಾರಣ 5ಎಫ್ ಕಕ್ಷಕಗಳ ನಿಜವಾದ ಅತಿವ್ಯಾಪನೆಯೇ, ಅಥವಾ ಕೇವಲ ಶಕ್ತಿಯ ಮಟ್ಟಗಳು ಸಮೀಪ ಬಂದುದರಿಂದ ಆಗುವ ಬೆರಕೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸಾರಜನಕ-15ರ ಗುರುತಿಟ್ಟ ಬಿಟಿಪಿಯ ಮೇಲೆ ಕಾರ್ಲ್ಸ್‌ರೂಎಯಲ್ಲಿ ನಡೆದ ಕಾಂತೀಯ ಅನುರಣನದ ಪ್ರಯೋಗಗಳು, ಅಮೆರಿಸಿಯಂಗೆ ಅಂಟಿದ ಸಾರಜನಕ ಲ್ಯಾಂಥನೈಡ್‌ಗೆ ಅಂಟಿದ್ದಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿದೆ ಎಂದು ತೋರಿಸಿದ್ದು ಸಹವೇಲೆನ್ಸಿಯ ಪಕ್ಷಕ್ಕೆ ಬಲ ತಂದಿತು.

ಆದರೂ ಬಿಟಿಪಿ ಸ್ಥಾವರಕ್ಕೆ ಹೋಗಲಿಲ್ಲ. ಟ್ರಯಜೀನ್‌ಗೆ ಜೋಡಿಸಿದ ಇಂಗಾಲದ ಸರಪಣಿಯ ಮೊದಲ ಕೊಂಡಿಯಲ್ಲಿರುವ ಜಲಜನಕಗಳು ಸಡಿಲವಾಗಿದ್ದು, ಆಮ್ಲ ಮತ್ತು ವಿಕಿರಣಗಳು ಅಲ್ಲಿಯೇ ಹಲ್ಲು ಊರಿ ಅಣುವನ್ನು ತಿಂದುಹಾಕಿದವು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಡ್ಸನ್ ಮತ್ತು ಲಾರೆನ್ಸ್ ಹಾರ್‌ವುಡ್ ಅವರ ಬಳಗ ಆ ಸಡಿಲ ಜಲಜನಕಗಳ ಜಾಗದಲ್ಲಿ ಮೀಥೈಲ್ ಗುಂಪುಗಳನ್ನಿಟ್ಟು ಬಾಗಿಲು ಮುಚ್ಚಿತು, ನಡುವಿನ ಪಿರಿಡೀನ್ ಅನ್ನು ಎರಡಾಗಿಸಿ ನಾಲ್ಕು ಕಡೆ ಹಿಡಿಯುವಂತೆ ಮಾಡಿತು. 2006ರಲ್ಲಿ ಪ್ರಕಟವಾದ ಈ ಬಿಟಿಬಿಪಿ ಗಟ್ಟಿಯಾಗಿತ್ತು, ಆಯ್ದು ಹಿಡಿಯುತ್ತಿತ್ತು, ಆದರೆ ನಿಧಾನವಾಗಿತ್ತು. ಎರಡು ಪಿರಿಡೀನ್‌ಗಳು ಬಿಡುವಿದ್ದಾಗ ಒಂದಕ್ಕೊಂದು ಬೆನ್ನು ಹಾಕಿ ನಿಲ್ಲುತ್ತವೆ. ಲೋಹ ಬಂದಾಗ ತಿರುಗಿ ಮುಖ ಮಾಡಬೇಕು, ಆ ತಿರುಗುವಿಕೆಗೆ ಸಮಯ ಹಿಡಿಯುತ್ತದೆ. 2011ರಲ್ಲಿ ಅದೇ ಬಳಗ ಫೆನಾಂಥ್ರೋಲೀನ್ ಎಂಬ ಗಟ್ಟಿ ಚೌಕಟ್ಟಿನಿಂದ ಆ ಎರಡನ್ನೂ ಸದಾ ಮುಖಾಮುಖಿಯಾಗಿ ಬೆಸೆದುಬಿಟ್ಟಿತು. ಕ್ರಾಮ್ ಹೇಳಿದ ಪೂರ್ವಸಿದ್ಧತೆಯೇ ಇಲ್ಲಿ ಫಲ ಕೊಟ್ಟು ವೇಗ ಹೆಚ್ಚಿತು, ಹಿಡಿತವೂ ಹೆಚ್ಚಿತು. ಹೆಚ್ಚಿದ ಹಿಡಿತವೇ ಹೊಸ ತೊಡಕಾಗಿ, ಅಮೆರಿಸಿಯಂ ಅನ್ನು ಮತ್ತೆ ನೀರಿಗೆ ಇಳಿಸುವುದು ಕಷ್ಟವಾಯಿತು. ಬೇರ್ಪಡೆಯ ಗುಣಾಂಕವೊಂದನ್ನೇ ಮುಂದಿಟ್ಟು ಹೊಸ ಲಿಗ್ಯಾಂಡ್‌ಗಳ ಜಯಘೋಷ ಮಾಡುವ ಪ್ರಬಂಧಗಳು ಇಂದಿಗೂ ಹೊರಬರುತ್ತಿದ್ದು, ಬಿಡಿಸುವ ಅಂಕಿಗಳು ಅವುಗಳಲ್ಲಿ ಕೊನೆಯ ಪುಟದ ಮೂಲೆಯಲ್ಲಿರುವುದು ಈ ಕ್ಷೇತ್ರದ ಒಂದು ಹಳೆಯ ಚಾಳಿ.

ಬಿಡಿಸುವ ಸಮಸ್ಯೆಯನ್ನು ತಲೆಕೆಳಗು ಮಾಡಿ ನೋಡಿದವರೂ ಇದ್ದರು, ಮತ್ತು ಅವರ ದಾರಿ ಹೆಚ್ಚು ವಿವೇಕದ್ದೆಂದು ತೋರುತ್ತದೆ. 1964ರಲ್ಲಿಯೇ ಓಕ್ ರಿಜ್‌ನ ವೀವರ್ ಮತ್ತು ಕ್ಯಾಪಲ್‌ಮನ್, ಟಾಲ್‌ಸ್ಪೀಕ್ ಎಂದು ಹೆಸರಾದ ವಿಧಾನದಲ್ಲಿ, ಆಯ್ಕೆಯ ಕೆಲಸವನ್ನು ನೀರಿನ ಕಡೆಯ ಲಿಗ್ಯಾಂಡ್‌ಗೆ ಒಪ್ಪಿಸಿದ್ದರು: ಎಣ್ಣೆಯಲ್ಲಿರುವ ರಂಜಕಾಮ್ಲ ಎಲ್ಲರನ್ನೂ ಎಳೆಯುತ್ತಿದ್ದರೆ, ನೀರಿನಲ್ಲಿರುವ ಡಿಟಿಪಿಎ ಎಂಬ ಬಹುದಾನಿ ಅಣು ಆಕ್ಟಿನೈಡ್‌ಗಳನ್ನು ಮಾತ್ರ ಹಿಂದಕ್ಕೆ ಹಿಡಿದು ನಿಲ್ಲಿಸುತ್ತಿತ್ತು. ಇದೇ ವಿಚಾರ ಟಾಡ್‌ಗಾ ಎಂಬ ಡೈಗ್ಲೈಕೋಲಮೈಡ್‌ನೊಡನೆ ಹೊಸ ರೂಪ ಪಡೆಯಿತು. ಜಪಾನಿನ ಸಸಾಕಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಈ ಅಣು ಮೂರು ಆಮ್ಲಜನಕಗಳಿಂದ ಹಿಡಿಯುತ್ತದೆ, ಆದ್ದರಿಂದ ಆಕ್ಟಿನೈಡ್, ಲ್ಯಾಂಥನೈಡ್ ಎಂಬ ಭೇದವೆಣಿಸದೆ ಮೂರು ಆವೇಶದ ಎಲ್ಲರನ್ನೂ ಪ್ರಬಲ ಆಮ್ಲದಿಂದ ಎಣ್ಣೆಗೆ ತರುತ್ತದೆ. ಬಳಿಕ ನೀರಿನಲ್ಲಿ ಕರಗುವಂತೆ ಮಾಡಿದ ಬಿಟಿಪಿ ಆಕ್ಟಿನೈಡ್‌ಗಳನ್ನು ಮಾತ್ರ ಕರೆದು ನೀರಿಗಿಳಿಸುತ್ತದೆ. ನೀರಿನಲ್ಲಿ ಕರಗಲೆಂದು ಮೊದಲು ಸಲ್ಫೋನೇಟ್ ಗುಂಪುಗಳನ್ನು ಜೋಡಿಸಿದಾಗ ನಾಲ್ಕು ಧಾತುಗಳ ವ್ರತಕ್ಕೆ ಭಂಗ ಬಂದಿತ್ತು. ಇಟಲಿಯ ಸಂಶೋಧಕರು ಮುಂದೆ ಬರಿಯ ಆಲ್ಕೊಹಾಲ್ ಗುಂಪುಗಳ ಪೈಟ್ರೈ-ಡಯಾಲ್ ಅಣುವಿನಿಂದ ಅದನ್ನು ಸರಿಪಡಿಸಿದರು. ಇಲ್ಲಿ ಹಿಡಿಯುವವನು ಒಬ್ಬ, ಆರಿಸುವವನು ಇನ್ನೊಬ್ಬ. ಒಂದೇ ಅಣುವಿನ ತಲೆಯ ಮೇಲೆ ಎಲ್ಲ ಗುಣಗಳನ್ನೂ ಹೇರುವ ಹಠವಿಲ್ಲ. ಭಾರತದಲ್ಲಿ ಟಾಡ್‌ಗಾದ ನೇರ ಸರಪಣಿಗಳ ಬದಲು ಕವಲೊಡೆದ ಸರಪಣಿಗಳಿರುವ ಟಿಇಹೆಚ್‌ಡಿಜಿಎ ಎಂಬ ಸೋದರ ಅಣುವನ್ನು ಆರಿಸಿಕೊಂಡು ತಾರಾಪುರದಲ್ಲಿ ಪ್ರದರ್ಶನ ಘಟಕ ಕಟ್ಟಲಾಗಿದೆ. ಲೋಹ ಹೆಚ್ಚಾದಾಗ ಎಣ್ಣೆಯೇ ಎರಡು ಪದರವಾಗಿ ಒಡೆದು ಕೆಲಸ ಕೆಡದಿರಲೆಂದು ಅದಕ್ಕೆ ಐಸೋಡೆಸೈಲ್ ಆಲ್ಕೊಹಾಲ್ ಬೆರೆಸುತ್ತಾರೆ.

ಹಿಡಿದದ್ದನ್ನು ಬಿಡಬೇಕಾದ ಅಗತ್ಯವೇ ಇಲ್ಲದ ಸಂದರ್ಭವೊಂದಿದೆ, ಅದು ಮನುಷ್ಯ ದೇಹ. ದೇಹ ಸೇರಿದ ಪ್ಲುಟೋನಿಯಂ ಆವೇಶ ಮತ್ತು ಗಾತ್ರಗಳ ಅನುಪಾತದಲ್ಲಿ ಕಬ್ಬಿಣವನ್ನು ಹೋಲುವುದರಿಂದ ಕಬ್ಬಿಣ ಸಾಗಿಸುವ ಪ್ರೋಟೀನ್‌ಗಳನ್ನೇ ಏರಿ ಯಕೃತ್ತು ಮತ್ತು ಎಲುಬುಗಳಲ್ಲಿ ಬೀಡುಬಿಡುತ್ತದೆ. ಇದನ್ನು ಗಮನಿಸಿದ ಬರ್ಕ್ಲಿಯ ಕೆನೆತ್ ರೇಮಂಡ್, ಬ್ಯಾಕ್ಟೀರಿಯಾಗಳು ಕಬ್ಬಿಣ ಕದಿಯಲು ಸ್ರವಿಸುವ ಸಿಡರೋಫೋರ್ ಅಣುಗಳನ್ನು ಮಾದರಿಯಾಗಿಟ್ಟುಕೊಂಡು, ಎಂಟು ಆಮ್ಲಜನಕಗಳಿಂದ ಸುತ್ತುವರಿಯುವ ಹೋಪೋ ಲಿಗ್ಯಾಂಡ್‌ಗಳನ್ನು ರೂಪಿಸಿದರು. ಲೋಹದೊಡನೆ ಲಿಗ್ಯಾಂಡ್ ಕೂಡ ಮಲ ಮೂತ್ರಗಳಲ್ಲಿ ಹೊರಹೋಗುವುದರಿಂದ ಅಲ್ಲಿ ಹಿಡಿತ ಎಷ್ಟು ಬಿಗಿಯಾದರೂ ನಷ್ಟವಿಲ್ಲ.

ಸ್ಥಾವರದಲ್ಲಿ ಹಾಗಲ್ಲ, ಅಲ್ಲಿ ಅಣು ದಿನವಿಡೀ ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು, ಮತ್ತು ಹಿಡಿದಷ್ಟು ಹೊತ್ತೂ ಸೆರೆಯಾಳಿನಿಂದಲೇ ಪೆಟ್ಟು ತಿನ್ನಬೇಕು. ಒಂದು ಗ್ರಾಂ ಅಮೆರಿಸಿಯಂ-241 ಸೆಕೆಂಡಿಗೆ ಹನ್ನೆರಡು ಸಾವಿರ ಕೋಟಿಗೂ ಹೆಚ್ಚು ಆಲ್ಫಾ ಕಣಗಳನ್ನು ಉಗುಳುತ್ತದೆ, ಪ್ರತಿ ಕಣದಲ್ಲೂ ಒಂದು ರಾಸಾಯನಿಕ ಬಂಧ ಮುರಿಯಲು ಬೇಕಾದ ಶಕ್ತಿಯ ಹತ್ತು ಲಕ್ಷ ಪಟ್ಟಿಗೂ ಮಿಕ್ಕ ಶಕ್ತಿಯಿದೆ. ಇಲ್ಲಿ ಅಣು ಮುರಿಯುವುದಕ್ಕಿಂತ ಮುರಿದ ಮೇಲೆ ಏನಾಗುತ್ತದೆ ಎಂಬುದು ಹೆಚ್ಚಿನ ಪ್ರಶ್ನೆ. ಟ್ರೈಬ್ಯುಟೈಲ್ ಫಾಸ್ಫೇಟ್ ಮುರಿದು ಡೈಬ್ಯುಟೈಲ್ ಫಾಸ್ಫೇಟ್ ಆದಾಗ ಅದು ಸುಮ್ಮನಾಗುವುದಿಲ್ಲ. ಪ್ಲುಟೋನಿಯಂ ಅನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದು, ಬಿಡು ಎಂದಾಗ ಬಿಡದೆ ಕೂರುತ್ತದೆ, ಹಾಗಾಗಿ ದ್ರಾವಕವನ್ನು ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ. ಅಮೈಡ್‌ಗಳು ಮುರಿದರೆ ಬರುವ ಚೂರುಗಳು ಬಹುಮಟ್ಟಿಗೆ ನಿರುಪದ್ರವಿಗಳು. ಭಾಭಾ ಕೇಂದ್ರದ ಸಂಶೋಧಕರು ಟ್ರೈಬ್ಯುಟೈಲ್ ಫಾಸ್ಫೇಟ್‌ನ ಜಾಗಕ್ಕೆ ಡೈಹೆಕ್ಸೈಲ್ ಆಕ್ಟನಮೈಡ್ ಅನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಆದ ಮೇಲೂ ಅಮೆರಿಸಿಯಂ ಮತ್ತು ಕ್ಯೂರಿಯಂಗಳ ಜೋಡಿ ಬಿಡಿಸಲು ಉಳಿದೇ ಇರುತ್ತದೆ. ಎರಡೂ ಆಕ್ಟಿನೈಡ್‌ಗಳೇ ಆದ್ದರಿಂದ ಮೆದು, ಗಡಸು ಎಂಬ ಭೇದವೂ ಇಲ್ಲಿ ಕೈಕೊಡುತ್ತದೆ. ತ್ರಿಜ್ಯದ ಅಂತರ ಅರ್ಧ ಪಿಕೋಮೀಟರ್, ಮತ್ತು ಅಮೈಡ್ ಲಿಗ್ಯಾಂಡ್‌ಗಳಿಂದ ಸಿಗುವ ಗುಣಾಂಕ ಎರಡರ ಆಸುಪಾಸಿನದು. ಫ್ರಾನ್ಸಿನ ಮಾರ್ಕೂಲ್‌ನಲ್ಲಿ ಅಷ್ಟನ್ನೇ ನಂಬಿ, ಹಂತದ ಮೇಲೆ ಹಂತ ಜೋಡಿಸಿ ಅಮೆರಿಸಿಯಂ ಒಂದನ್ನೇ ತೆಗೆಯುವ ವಿಧಾನವನ್ನು ಬೆಳೆಸಲಾಯಿತು. ಕ್ಯೂರಿಯಂ-244 ವಿಪರೀತ ಶಾಖವನ್ನೂ ನ್ಯೂಟ್ರಾನ್‌ಗಳನ್ನೂ ಸೂಸುವುದರಿಂದ ಅದನ್ನು ಹೊಸ ಇಂಧನಕ್ಕೆ ಬೆರೆಸಿ ಕೈಯಾಡಿಸುವುದು ಯಾರಿಗೂ ಬೇಡವಾದ ಕೆಲಸ. ಆದರೆ ಅದರ ಅರ್ಧಾಯು 18 ವರ್ಷ ಮಾತ್ರ. ಬೇರ್ಪಡಿಸಿ ನೂರು ವರ್ಷ ಪಕ್ಕಕ್ಕಿಟ್ಟರೆ ಶೇಕಡಾ ಎರಡರಷ್ಟು ಉಳಿದು, ಮಿಕ್ಕದ್ದೆಲ್ಲ ಆಲ್ಫಾ ಕಣವನ್ನು ಉಗುಳಿ ಪ್ಲುಟೋನಿಯಂ-240 ಆಗಿರುತ್ತದೆ. ಆ ಪ್ಲುಟೋನಿಯಂ ನಾಲ್ಕು ಆವೇಶದ ಸ್ಥಿತಿಗೆ ಒಪ್ಪಿಕೊಂಡು ಬರುತ್ತದೆ, ಅದನ್ನು ಹಿಡಿಯಲು ಹೊಸ ಲಿಗ್ಯಾಂಡ್ ಬೇಕಿಲ್ಲ. ಎಣ್ಣೆಯಲ್ಲಿ ಶೇಕಡಾ 30ರಷ್ಟು ಟ್ರೈಬ್ಯುಟೈಲ್ ಫಾಸ್ಫೇಟ್ ಸಾಕು.